ಗದೆ ಇಳಿಸಿದ ಮೇಲೆ

ಮಂಡ್ಯದ ಕಲಾಮಂದಿರದಲ್ಲಿ ‘ಕುರುಕ್ಷೇತ್ರ’ ನಾಟಕ ನಡೆಯುವ ದಿನ ರಸ್ತೆಯಲ್ಲಿ ನಿಂತರೂ ಸಾಕು, ಒಳಗೆ ಯಾರು ಗೆದ್ದರು ಯಾರು ಬಿದ್ದರು ಎಂಬುದು ಶಿಳ್ಳೆಯಲ್ಲೇ ತಿಳಿಯುತ್ತದೆ. ಗೇಟಿನ ಮುಂದೆ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ, ಒಂದನೇ ಕೃಷ್ಣ, ಎರಡನೇ ಕೃಷ್ಣ. ದುಡ್ಡು ಕಟ್ಟಿ ಪಾತ್ರ ಮಾಡುವ ಪದ್ಧತಿ ನಮ್ಮದು. ಹಾಗಾಗಿ ಒಬ್ಬ ದುರ್ಯೋಧನನ ಖರ್ಚನ್ನು ಇಬ್ಬರು ಹಂಚಿಕೊಂಡರೆ ತಪ್ಪೇನಿಲ್ಲ. ಕಬ್ಬು ಬೆಳೆಯುವವರು, ಆಟೊ ಓಡಿಸುವವರು, ಪಂಚಾಯ್ತಿ ಮೆಂಬರು, ಶಾಲೆಯ ಮೇಷ್ಟ್ರು ಎಲ್ಲರೂ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ವೃತ್ತ ಕಲಿತು ಬಂದವರು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು, ಬಾಡಿಗೆಗೆ ಸೀನರಿ.

ಕರ್ಣ ಬಿದ್ದಿದ್ದಾನೆ. ದುರ್ಯೋಧನ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶೋಕದ ಪದ್ಯ ಎತ್ತುತ್ತಾನೆ. ಅಷ್ಟರಲ್ಲಿ ಪಕ್ಕದ ಪರದೆಯಿಂದ ನೆಂಟರೊಬ್ಬರು ನೋಟಿನ ಹಾರ ಹಿಡಿದು ಬರುತ್ತಾರೆ. ದುರ್ಯೋಧನ ಅಳು ನಿಲ್ಲಿಸಿ, ಎದ್ದು, ಕಿರೀಟ ಬಗ್ಗಿಸಿ ಹಾರ ಹಾಕಿಸಿಕೊಂಡು, ಫೋಟೊಕ್ಕೆ ನಿಂತು, ಮತ್ತೆ ಕೂತು ಬಿಟ್ಟಲ್ಲಿಂದ ಅಳತೊಡಗುತ್ತಾನೆ. ಸತ್ತ ಕರ್ಣ ಈ ನಡುವೆ ಬೆವರೊರೆಸಿಕೊಂಡಿರುತ್ತಾನೆ. ಪಟ್ಟಣದ ರಂಗಕರ್ಮಿಗಳು ಇದಕ್ಕೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಹಾರ ಹಾಕಿಸಿಕೊಂಡು ಬಂದವನ ಎರಡನೇ ಅಳು ಒಮ್ಮೊಮ್ಮೆ ಮೊದಲಿನದಕ್ಕಿಂತ ಗಟ್ಟಿಯಾಗಿರುವುದೂ ಉಂಟು.

ನನ್ನ ತಕರಾರು ಬೇರೆ. ಗುಬ್ಬಿ ಕಂಪನಿ 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿತು. ಅಲ್ಲಿಂದ ಇಲ್ಲಿಯವರೆಗೆ ಹಳೇ ಮೈಸೂರು ಸೀಮೆಯ ಹಳ್ಳಿಗಳು ಈ ಯುದ್ಧವನ್ನು ಬಿಟ್ಟಿಲ್ಲ. ಮದ್ದೂರು, ಮಳವಳ್ಳಿ ಕಡೆ ಹಬ್ಬ, ಜಾತ್ರೆ ಬಂತೆಂದರೆ ಒಂದಲ್ಲ ಒಂದು ಊರಿನಲ್ಲಿ ರಾತ್ರಿಯಿಡೀ ಭೀಮ ಗದೆ ಎತ್ತುತ್ತಲೇ ಇರುತ್ತಾನೆ. ಗದೆ ಇಳಿಸಿದ ಮೇಲೆ ಆ ಭೀಮ ಮನೆಗೆ ಹೋಗಿ ಏನು ಮಾಡಿದ, ಅವನಿಗೆ ನಿದ್ದೆ ಬಂತೇ ಎಂದು ಈ ರಂಗ ಕೇಳುವುದಿಲ್ಲ. ಮಂಗಳ ಹಾಡಿ, ಟ್ಯೂಬ್‌ಲೈಟ್ ಆರಿಸಿ, ಸೀನರಿ ಸುತ್ತಿ ಲಾರಿಗೆ ಹಾಕುತ್ತಾರೆ.

2019ರ ವರ್ಷವನ್ನೇ ನೋಡಿ. ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸತ್ತ 40 ಸಿಆರ್‌ಪಿಎಫ್ ಯೋಧರಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಒಬ್ಬರು. ಅಂತ್ಯಕ್ರಿಯೆಗೆ ಕೆ.ಎಂ. ದೊಡ್ಡಿಯ ಸುತ್ತಿನ ಜನವೆಲ್ಲ ಸೇರಿತ್ತು. ಅದೇ ಆಗಸ್ಟಿನಲ್ಲಿ ‘ಕುರುಕ್ಷೇತ್ರ’ ಸಿನಿಮಾ ತೆರೆಗೆ ಬಂತು. ಅದರಲ್ಲಿ ಭೀಷ್ಮನಾದವರು ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಷ್. ಅಷ್ಟು ಹೊತ್ತಿಗೆ ಅವರೂ ಇರಲಿಲ್ಲ. ಎರಡಕ್ಕೂ ಈ ಜಿಲ್ಲೆ ಮನಸಾರೆ ಅತ್ತಿತು. ಸತ್ತವರಿಗಾಗಿ ಅಳುವುದು ನಮಗೆ ಬರುತ್ತದೆ. ಆದರೆ ಪುಲ್ವಾಮಾದ ಆ ಸಾಲಿನಲ್ಲಿ ಇದ್ದದ್ದು 78 ವಾಹನ, ಎರಡೂವರೆ ಸಾವಿರಕ್ಕೂ ಹೆಚ್ಚು ಜನ. ಹಿಂದಿನ ಬಸ್ಸಿನಲ್ಲಿ ಕೂತಿದ್ದವರು, ಇಳಿದು ಓಡಿ ಬಂದವರು, ರಸ್ತೆಯ ಮೇಲಿದ್ದದ್ದನ್ನು ಕೈಯಾರೆ ಎತ್ತಿದವರು ಎಲ್ಲೋ ಇದ್ದಾರೆ, ಕೆಲಸದಲ್ಲಿದ್ದಾರೆ, ರಜೆಗೆ ಊರಿಗೆ ಹೋಗಿ ಬರುತ್ತಾರೆ. ಅವರಿಗೆ ಫ್ಲೆಕ್ಸಿಲ್ಲ.

ಇದು ಇವತ್ತಿನ ಜಾಯಮಾನವೂ ಅಲ್ಲ. ನಮ್ಮೂರುಗಳ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಬದುಕಿ ಬಂದವನಿಗೆ ಪಟ್ಟಿಕೆಯೇ ಇಲ್ಲ. ಹಾಗೆ ಬದುಕಿ ಬಂದವನೊಬ್ಬ ಅಪರೂಪಕ್ಕೆ ಕಣ್ಣಿಗೆ ಬೀಳುವುದು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. 949ರ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಕಡೆ ಕಾದಿದವನು ಮಣಲೇರ. ಮೆಚ್ಚಿದ ಬೂತುಗ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಮುಂದೆ ಆ ನಾಯಿ ದೊಡ್ಡದೊಂದು ಹಂದಿಯ ಜೊತೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಡಿಸಿದರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯನ್ನು ಕೊಂದ ಪಾಪ ಎಂದೂ ಬರೆಸಿದರು. ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಬ್ಬ ರಾಜಕುಮಾರನ ತಲೆ ಉರುಳಿದ ರಣದಿಂದ ಬಂದವನು ನಾಯಿಯನ್ನೇ ಯಾಕೆ ಕೇಳಿದ? ಬೇಟೆಯ ಹುಚ್ಚು ಎಂದು ಚರಿತ್ರಕಾರರು ಹೇಳಬಹುದು, ಅದೇ ಸರಿಯೂ ಇರಬಹುದು. ಯುದ್ಧದಿಂದ ಬಂದವನಿಗೆ ಮನುಷ್ಯರಿಗಿಂತ ನಾಯಿ ಹಿತವಾಗಿ ಕಂಡಿರಲೂಬಹುದು ಎಂದು ಊಹಿಸುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಮಳವಳ್ಳಿಗೂ ಅದರದೇ ರಣವಿದೆ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪುವಿಗೂ ಅಲ್ಲಿ ಕಾಳಗವಾಯಿತು. ಇಂಗ್ಲಿಷರ ಕಡೆ ಇದ್ದ ಆರ್ಥರ್ ವೆಲ್ಲೆಸ್ಲಿ ಮುಂದಿನ ವಾರವೇ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನಪೇಟೆ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು, ತನ್ನ ಕೆಲವು ಜನರನ್ನು ಶತ್ರುವಿನ ಕೈಗೆ ಬಿಟ್ಟು ಹಿಂದಿರುಗಿದ. ಮೊದಲೇ ನೋಡಿ ತಿಳಿಯದ ಜಾಗದ ಮೇಲೆ ರಾತ್ರಿ ಹೊತ್ತು ಇನ್ನೆಂದೂ ದಾಳಿ ಮಾಡುವುದಿಲ್ಲ ಎಂದು ಕಾಗದ ಬರೆದ. ಮುಂದೆ ಡ್ಯೂಕನಾಗಿ ವಾಟರ್ಲೂ ಗೆದ್ದವನ ಅಳುಕು ಹೀಗೆ ದಾಖಲೆಯಾಗಿ ಉಳಿಯಿತು. ಎದುರಿಗಿದ್ದ ಟಿಪ್ಪುವಿನ ಕಾಲಾಳಿಗೆ ಕಾಗದವೆಲ್ಲಿ ಬರಬೇಕು? ಟಿಪ್ಪುವಿನ ಮೇಲೆ ಲಾವಣಿ ಕಟ್ಟಿದರು. ಗಿರೀಶ ಕಾರ್ನಾಡರು ‘ಟಿಪ್ಪುವಿನ ಕನಸುಗಳು’ ಬರೆದು, ಇಬ್ಬರು ಮಕ್ಕಳನ್ನು ಒತ್ತೆ ಕೊಟ್ಟ ತಂದೆಯ ರಾತ್ರಿಗಳನ್ನು ರಂಗಕ್ಕೆ ತಂದರು. ಮಳವಳ್ಳಿಯ ಬಯಲಿನಿಂದ ಮನೆಗೆ ನಡೆದುಹೋದ ಕಾಲಾಳಿನ ಕನಸು ಯಾವ ನಾಟಕದಲ್ಲೂ ಇಲ್ಲ.

ಹಾಗೆಂದು ಕನ್ನಡಕ್ಕೆ ಈ ವಿಷಯ ಹೊಸದು ಎಂದುಕೊಂಡರೆ ದೊಡ್ಡ ತಪ್ಪು. ರನ್ನನ ‘ಗದಾಯುದ್ಧ’ದಲ್ಲಿ ಕತೆ ಶುರುವಾಗುವ ಹೊತ್ತಿಗೆ ಯುದ್ಧ ಹೆಚ್ಚುಕಡಿಮೆ ಮುಗಿದಿದೆ. ದುರ್ಯೋಧನ ಸಂಜಯನ ಜೊತೆ ರಣರಂಗದೊಳಗೆ ನಡೆಯುತ್ತಾನೆ. ನೆತ್ತರಿನಲ್ಲಿ ಕಾಲು ಜಾರುತ್ತದೆ, ಮರುಳುಗಳು ಆಡಿಕೊಳ್ಳುತ್ತವೆ. ದ್ರೋಣ, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಒಬ್ಬೊಬ್ಬರೂ ಹೆಣವಾಗಿ ಎದುರಾಗುತ್ತಾರೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ಅವನು ನಿಲ್ಲುತ್ತಾನೆ, ಅಂಥ ಸಾವು ತನಗೂ ಬರಲಿ ಎನ್ನುತ್ತಾನೆ. ಬದುಕಿ ಉಳಿದದ್ದೇ ಅಪರಾಧ ಎನ್ನಿಸುವ ಮನಸ್ಸಿನ ಇಷ್ಟು ಸ್ಪಷ್ಟವಾದ ಚಿತ್ರ ಹತ್ತನೇ ಶತಮಾನದ ಕೊನೆಯಲ್ಲೇ ಕನ್ನಡದಲ್ಲಿ ಬಂದಿತ್ತು. ಇದೇ ರನ್ನ ಹುಟ್ಟಿದ್ದು ಸೌಮ್ಯ ಸಂವತ್ಸರದಲ್ಲಿ. ಆತಕೂರಿನ ಕಲ್ಲಿನ ಸಂವತ್ಸರವೂ ಅದೇ.

ರನ್ನನನ್ನು ಓದುವ ಮನೆಯಿಂದ ಆಡುವ ರಂಗಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯ. ಅವರ ಹೆಸರಿನ ಮೊದಲಕ್ಷರದಲ್ಲಿರುವ ಬೆಳ್ಳೂರು ನಮ್ಮ ನಾಗಮಂಗಲ ತಾಲ್ಲೂಕಿನದು. ಹುಟ್ಟಿದ್ದು ತುಮಕೂರು ಸೀಮೆಯ ಸಂಪಿಗೆಯಲ್ಲಿ, ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದಲ್ಲಿ. ರನ್ನನ ಪದ್ಯಗಳನ್ನೇ ಹೊಂದಿಸಿ 1926ರಲ್ಲಿ ‘ಗದಾಯುದ್ಧ ನಾಟಕಂ’ ಮಾಡಿದರು. 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ತಂದರು. ಅದು ಸೋತವರ ಅರಮನೆಯಲ್ಲಿ ನಡೆಯುವ ನಾಟಕ. ಈ ನಡುವೆ 1931ರಲ್ಲಿ ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’. ಅಲ್ಲಿ ಯುದ್ಧವಿಲ್ಲ, ಯುದ್ಧವಾದ ಮೇಲಿನ ಬಯಲಿದೆ. ಹೆಸರಿಲ್ಲದ ಸೈನಿಕರ ಮನೆಯವರು ಹೆಣಗಳ ನಡುವೆ ತಮ್ಮವರನ್ನು ಹುಡುಕುತ್ತಾರೆ.

ಈ ಇಸವಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಲಂಡನ್ನಿನಲ್ಲಿ ಆರ್.ಸಿ. ಷೆರಿಫನ ‘ಜರ್ನೀಸ್ ಎಂಡ್’ ನಾಟಕ ಮೊದಲು ಆಡಿದ್ದು 1928ರ ಡಿಸೆಂಬರಿನಲ್ಲಿ. ಕಂದಕದಲ್ಲಿ ಕುಡಿದು ಕುಡಿದು ನರ ಹಿಡಿತದಲ್ಲಿಟ್ಟುಕೊಳ್ಳುವ ಕ್ಯಾಪ್ಟನ್ನನ ಕತೆ ಅದು. ಅದೇ ಯುದ್ಧದ ಸೈನಿಕರ ಬಗ್ಗೆ ರೆಮಾರ್ಕ್ ಬರೆದ ಜರ್ಮನ್ ಕಾದಂಬರಿ ಪುಸ್ತಕವಾಗಿ ಬಂದದ್ದು 1929ರಲ್ಲಿ. ಮೊದಲನೇ ಮಹಾಯುದ್ಧ ಮುಗಿದು ಹತ್ತು ವರ್ಷವಾದ ಮೇಲೆ ಯುರೋಪು ಬಾಯಿ ಬಿಟ್ಟಿತು. ಆ ಯುದ್ಧಕ್ಕೆ ನಮ್ಮವರೂ ಹೋಗಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಹಿಡಿದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಅವರು ಕಂಡದ್ದರ ಬಗ್ಗೆ ಕನ್ನಡ ರಂಗ ನೇರವಾಗಿ ಏನೂ ಹೇಳಲಿಲ್ಲ. ಆದರೆ ಅದೇ ಮೂರು ವರ್ಷಗಳಲ್ಲಿ ಕನ್ನಡದ ಇಬ್ಬರು ದೊಡ್ಡವರು ಯುದ್ಧ ಮುಗಿದ ಮೇಲಿನ ಕುರುಕ್ಷೇತ್ರಕ್ಕೆ ಹೋದರು. ಇದನ್ನು ಕಾಕತಾಳೀಯ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

‘ಅಶ್ವತ್ಥಾಮನ್’ ನಾಟಕದ ಬೇರು ಗ್ರೀಸಿನಲ್ಲಿದೆ. ಸೊಫೊಕ್ಲಿಸನ ‘ಏಜಾಕ್ಸ್’ ಅದರ ಮೂಲ. ಸೊಫೊಕ್ಲಿಸ್ ಬರೀ ಕವಿಯಲ್ಲ, ಅಥೆನ್ಸಿನ ದಂಡನಾಯಕನಾಗಿ ಸೇಮೊಸಿನ ಮೇಲೆ ದಂಡೆತ್ತಿ ಹೋಗಿದ್ದವನು. ಅವನ ಮುಂದೆ ಕೂತು ನಾಟಕ ನೋಡಿದ ಗಂಡಸರಲ್ಲಿ ಹೆಚ್ಚಿನವರು ಈಟಿ ಹಿಡಿದವರೇ. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಕವಚ ತನಗೆ ಸಿಗಬೇಕೆಂದು ಏಜಾಕ್ಸ್ ಕಾದಿದ್ದ. ದಳವಾಯಿಗಳು ಅದನ್ನು ಮಾತುಗಾರ ಒಡಿಸ್ಸಿಯಸ್‌ಗೆ ಕೊಟ್ಟರು. ಅವಮಾನಗೊಂಡವನು ರಾತ್ರಿ ಅವರನ್ನೆಲ್ಲ ಕೊಲ್ಲಲು ಹೊರಟ. ದೇವತೆ ಅಥೀನಾ ಅವನ ಬುದ್ಧಿಗೆ ಮಂಕು ಕವಿಸಿದಳು.

ಮುಂದಿನದನ್ನು ಹೇಳುವವಳು ಅವನ ಜೊತೆ ಬಾಳುವ ಟೆಕ್ಮೆಸ್ಸಾ. ಯುದ್ಧದಲ್ಲಿ ಸೆರೆ ಹಿಡಿದು ತಂದ ಹೆಣ್ಣು. ಕಹಳೆ ಊದಿಲ್ಲ, ಯಾರೂ ಕರೆದಿಲ್ಲ, ದೀಪ ಆರಿದ ಹೊತ್ತಿನಲ್ಲಿ ಕತ್ತಿ ಹಿಡಿದು ಎಲ್ಲಿಗೆ ಎಂದು ಕೇಳಿದಳಂತೆ. ಹೆಂಗಸರು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಉತ್ತರ ಬಂತು. ಬೆಳಗಿನ ಜಾವ ಅವನು ಎತ್ತು, ನಾಯಿ, ಕುರಿಗಳನ್ನು ಕಟ್ಟಿ ಎಳೆದುಕೊಂಡು ಬಿಡಾರದೊಳಕ್ಕೆ ಬಂದ. ಕೆಲವನ್ನು ಕಡಿದ, ಕೆಲವುಗಳ ಬೆನ್ನು ಮುರಿದ. ಬಿಳಿ ಕಾಲಿನ ಟಗರೊಂದನ್ನು ಕಂಬಕ್ಕೆ ಬಿಗಿದು, ಅದೇ ಒಡಿಸ್ಸಿಯಸ್ ಎಂದುಕೊಂಡು ಚಾವಟಿಯಲ್ಲಿ ಬಾರಿಸುತ್ತ ನಕ್ಕ. ಬಂಡೂರು ಕುರಿಯ ತವರಾದ ಮಳವಳ್ಳಿ ತಾಲ್ಲೂಕಿನಲ್ಲಿ ಈ ದೃಶ್ಯಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಕಂಬಕ್ಕೆ ಕಟ್ಟಿದ ಟಗರನ್ನು ಶತ್ರುವೆಂದು ಹೊಡೆಯುವ ಗಂಡಸನ್ನು ಕಂಡರೆ ಅಲ್ಲಿಯ ಹೆಂಗಸರು ಏನಾಗಿದೆಯೆಂದು ತಕ್ಷಣ ಹೇಳಿಯಾರು. ಆಮೇಲೆ ಅವನಿಗೆ ಬುದ್ಧಿ ತಿಳಿಯಾಗುತ್ತದೆ. ಸುತ್ತ ನೋಡುತ್ತಾನೆ. ತಲೆ ಚಚ್ಚಿಕೊಂಡು ಕೂಗುತ್ತಾನೆ, ಕೂದಲು ಕಿತ್ತುಕೊಳ್ಳುತ್ತಾನೆ. ಬಳಿಕ ಊಟ ನೀರು ಬಿಟ್ಟು ಆ ಸತ್ತ ಪ್ರಾಣಿಗಳ ನಡುವೆ ಸುಮ್ಮನೆ ಕೂತುಬಿಡುತ್ತಾನೆ.

ಶ್ರೀಕಂಠಯ್ಯನವರು ಇವನ ಜಾಗಕ್ಕೆ ಅಶ್ವತ್ಥಾಮನನ್ನು ಆರಿಸಿಕೊಂಡದ್ದರಲ್ಲೇ ಅವರ ದೊಡ್ಡತನವಿದೆ. ಏಜಾಕ್ಸ್‌ಗೆ ಆದದ್ದು ಕವಚದ ಅನ್ಯಾಯ. ಅಶ್ವತ್ಥಾಮನಿಗೆ ಆದದ್ದು ಇನ್ನೂ ಆಳದ್ದು. ಅವನ ಹೆಸರನ್ನೇ ಬಳಸಿ, ಅರ್ಧ ಸುಳ್ಳು ಹೇಳಿ, ಅವನ ತಂದೆ ಶಸ್ತ್ರ ಕೆಳಗಿಡುವಂತೆ ಮಾಡಿ ಕೊಂದರು. ಹೇಳಿದವನು ಸುಳ್ಳಾಡದ ಧರ್ಮರಾಯ. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅವನು ಆಲದ ಮರದ ಕೆಳಗೆ ನಿದ್ದೆ ಬಾರದೆ ಕೂತಿರುವಾಗ, ಮಲಗಿದ ಕಾಗೆಗಳನ್ನು ಗೂಬೆ ಕೊಲ್ಲುವುದನ್ನು ಕಾಣುತ್ತಾನೆ. ಪಾಂಡವರ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಲ್ಲುತ್ತಾನೆ. ಅವರಲ್ಲಿ ದ್ರೌಪದಿಯ ಐವರು ಮಕ್ಕಳಿದ್ದರು. ಅವನಿಗೆ ಸಿಗುವ ಶಾಪ, ಹಣೆಯ ಮಣಿ ಕಳೆದುಕೊಂಡು, ಕೀವು ನೆತ್ತರು ನಾರುತ್ತ, ಯಾರ ಮಾತೂ ಇಲ್ಲದೆ ಮೂರು ಸಾವಿರ ವರ್ಷ ಅಲೆಯುವುದು. ಯುದ್ಧ ತಲೆಯಿಂದ ಇಳಿಯದವನ ಬಾಳನ್ನು ವ್ಯಾಸ ಇಷ್ಟರಲ್ಲೇ ಹೇಳಿಬಿಟ್ಟ. ಶ್ರೀಕಂಠಯ್ಯನವರ ನಾಟಕದಲ್ಲಿ ಈ ಚಿರಂಜೀವಿ ಸಾಯುತ್ತಾನೆ. ಪುರಾಣಕ್ಕೆ ಅಪಚಾರವಾಯಿತು ಎಂದು ಗದ್ದಲವೂ ಆಯಿತು. ಆ ಗದ್ದಲದಲ್ಲಿ ನಾಟಕದ ಗಾಯ ಹಿಂದೆ ಸರಿಯಿತು ಎಂದು ನನ್ನ ಎಣಿಕೆ. ಇವತ್ತಿಗೂ ‘ಅಶ್ವತ್ಥಾಮನ್’ ಎಂದರೆ ಗ್ರೀಕ್ ರುದ್ರನಾಟಕದ ರೂಪಾಂತರ, ಹಳಗನ್ನಡದ ಶೈಲಿ ಎಂದು ಪರೀಕ್ಷೆಗೆ ಬರೆದವರು ಸಿಗುತ್ತಾರೆ. ಇದು ಸೈನಿಕನ ನಾಟಕ ಎಂದವರು ನನಗೆ ಸಿಕ್ಕಿಲ್ಲ.

ಅತ್ತ ಅಮೆರಿಕದಲ್ಲಿ ಅದೇ ಏಜಾಕ್ಸನನ್ನು ಸೈನಿಕರ ಮುಂದೆಯೇ ತಂದು ನಿಲ್ಲಿಸಿದರು. ವಿಯೆಟ್ನಾಂನಿಂದ ಬಂದವರಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ 1994ರಲ್ಲಿ ಅಕಿಲೀಸನನ್ನಿಟ್ಟುಕೊಂಡು ಒಂದು ಪುಸ್ತಕ ಬರೆದ. ಬರೀ ಭಯದಿಂದ ಮನಸ್ಸು ಮುರಿಯುವುದಲ್ಲ, ನಂಬಿದ ಮೇಲಿನವರೇ ಅನ್ಯಾಯ ಮಾಡಿದರೆ ಆಗುವ ಗಾಯ ಬೇರೆಯೇ ಎನ್ನುವುದು ಅವನ ವಾದ. 2008ರಲ್ಲಿ ಬ್ರಯಾನ್ ಡೋರೀಸ್ ಎಂಬ ನಿರ್ದೇಶಕ ಸ್ಯಾನ್ ಡಿಯಾಗೊದಲ್ಲಿ ನೂರಾರು ಮರೀನ್ ಸೈನಿಕರು ಮತ್ತು ಅವರ ಮನೆಯವರ ಮುಂದೆ ಸೊಫೊಕ್ಲಿಸನನ್ನು ಓದಿಸಿದ. ವೇಷವಿಲ್ಲ, ಸೀನರಿಯಿಲ್ಲ, ನಟರು ಮೇಜಿನ ಹಿಂದೆ ಕೂತು ಓದಿದರು, ಅಷ್ಟೇ. ಓದು ಮುಗಿದ ಮೇಲೆ ಸಭೆಗೆ ಮಾತು ಬಿಟ್ಟುಕೊಟ್ಟರು. ಸೈನಿಕನೊಬ್ಬನ ಹೆಂಡತಿ ಎದ್ದು, ನನ್ನ ಗಂಡ ನಾಲ್ಕು ಸಲ ಯುದ್ಧಕ್ಕೆ ಹೋದ, ಪ್ರತಿ ಸಲವೂ ಏಜಾಕ್ಸನ ಹಾಗೆ ಕಣ್ಣಿಗೆ ಕಾಣದ ಹೆಣಗಳನ್ನು ಮನೆಯೊಳಕ್ಕೆ ಎಳೆದು ತಂದ ಎಂಬ ಅರ್ಥದ ಮಾತಾಡಿದಳು. ಮುಕ್ಕಾಲು ಗಂಟೆ ಎಂದುಕೊಂಡಿದ್ದ ಚರ್ಚೆ ಮೂರು ಗಂಟೆ ದಾಟಿತು. ಮರುವರ್ಷ ಅಮೆರಿಕದ ರಕ್ಷಣಾ ಇಲಾಖೆಯೇ ದುಡ್ಡು ಕೊಟ್ಟು ಸೇನಾ ನೆಲೆಗಳಲ್ಲಿ ನೂರು ಪ್ರದರ್ಶನ ಮಾಡಿಸಿತು.

ನಮ್ಮಲ್ಲಿ ಏನಾಗುತ್ತದೆ? ಮಿಲ್ಟ್ರಿಯವನು ರಜೆಗೆ ಬಂದರೆ ಮೊದಲು ಕ್ಯಾಂಟೀನ್ ಬಾಟಲಿ ಕೇಳುತ್ತೇವೆ. ಆಮೇಲೆ ‘ಎಷ್ಟ್ ಜನುನ್ನ ಹೊಡ್ದೆ ಮಗಾ?’ ಅನ್ನುತ್ತೇವೆ. ನಿವೃತ್ತನಾಗಿ ಬಂದ ಮೇಲೆ ಪಟಾಕಿ ಸದ್ದಿಗೆ ಬೆಚ್ಚಿದರೆ, ರಾತ್ರಿಯೆಲ್ಲ ಜಗುಲಿಯ ಮೇಲೆ ಕೂತಿದ್ದರೆ, ಹೆಂಡತಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ಎಗರಿದರೆ ‘ಯಾಕೋ ಮಂಕಾಗವ್ನೆ’ ಎಂಬಲ್ಲಿಂದ ಶುರುವಾಗಿ ‘ಗಾಳಿ ಸೋಕದೆ’ ಎಂಬಲ್ಲಿಗೆ ಬರುತ್ತದೆ. ತಾಯತ, ಹರಕೆ, ಇಲ್ಲದಿದ್ದರೆ ಮುತ್ತತ್ತಿಗೆ ಹೋಗಿ ಮುಳುಗು ಹಾಕಿಸುವುದು. ಹರಕೆಯ ಬಗ್ಗೆ ನನ್ನ ಜಗಳವಿಲ್ಲ. ಜೊತೆಗೆ ನಾಲ್ಕು ಜನ ಹೋಗುತ್ತಾರೆ, ದಾರಿಯಲ್ಲಿ ಮಾತಾಡಿಸುತ್ತಾರೆ, ಅದೂ ಒಂದು ಔಷಧವೇ. ಆದರೆ ಕುಡಿತಕ್ಕೆ ಬಿದ್ದರೆ ಆ ನಾಲ್ಕು ಜನವೂ ದೂರವಾಗುತ್ತಾರೆ. ಸಮವಸ್ತ್ರದಲ್ಲಿ ಇರುವವರ ಕತೆಯೂ ಸುಖದ್ದಲ್ಲ. 2020ರಿಂದ 2024ರವರೆಗಿನ ಐದು ವರ್ಷಗಳಲ್ಲಿ ಕೇಂದ್ರದ ಅರೆಸೇನಾ ಪಡೆಗಳಲ್ಲಿ 730 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ಸರ್ಕಾರವೇ ಸಂಸತ್ತಿಗೆ ಹೇಳಿದೆ. ಪುಲ್ವಾಮಾದ ಸಂಖ್ಯೆ ನಮಗೆಲ್ಲ ಬಾಯಿಪಾಠ, ಈ ಸಂಖ್ಯೆ ಎಷ್ಟು ಜನಕ್ಕೆ ಗೊತ್ತು?

ನಾಟಕ ಆಡಿದರೆ ಇದು ವಾಸಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ವಾಸಿ ಮಾಡುವುದು ವೈದ್ಯರ ಕೆಲಸ. ನಾಟಕದಿಂದ ಆಗುವುದು ಇಷ್ಟೇ: ಜಗುಲಿಯ ಮೇಲೆ ಕೂತವನಿಗೆ ತನ್ನಂಥವನೊಬ್ಬ ಕಿರೀಟ ಇಟ್ಟುಕೊಂಡೂ ಹೀಗೇ ಕೂತಿದ್ದ ಎಂದು ಕಾಣುತ್ತದೆ. ಅವನ ಹೆಂಡತಿಗೆ ಇದು ತನ್ನ ಮನೆಯದೊಂದೇ ಗುಟ್ಟಲ್ಲ ಎಂದು ಗೊತ್ತಾಗುತ್ತದೆ. ಅಷ್ಟಾದರೆ ಮುಂದಿನ ಮಾತಿಗೆ ದಾರಿ ಆಗುತ್ತದೆ.

‘ಅಶ್ವತ್ಥಾಮನ್’ ಭಾಷೆ ಹಳ್ಳಿಯವರಿಗೆ ಕಷ್ಟ ಎನ್ನುವವರು ಇದ್ದಾರೆ. ಇವರು ಮಂಡ್ಯದ ನಾಟಕ ನೋಡಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಇಲ್ಲಿ ವೃತ್ತ ಹಾಡಿ ಒನ್ಸ್‌ಮೋರ್ ಹೊಡೆಸಿಕೊಳ್ಳುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಕೈಗೆತ್ತಿಕೊಂಡರೆ ಶ್ರೀಕಂಠಯ್ಯನವರ ಛಂದಸ್ಸಿಗೆ ರಾಗ ಕೂರಿಸುವುದು ಎಷ್ಟರ ಮಾತು? ಓದುವ ನಾಟಕವನ್ನು ಆಡುವುದೂ ಈ ಊರಿಗೆ ಹೊಸದಲ್ಲ. ಶಿಕ್ಷಣ ಸಂಸ್ಥೆ ಕಟ್ಟಿದ ಮಂತ್ರಿ ಕೆ.ವಿ. ಶಂಕರಗೌಡರೇ ಇಲ್ಲಿ ‘ಗೆಳೆಯರ ಬಳಗ’ ಕಟ್ಟಿ ಬಣ್ಣ ಹಚ್ಚಿದವರು.

ಆದ್ದರಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಕಲಾ ಸಂಘಗಳಿಗೆ ಒಂದು ಅಹವಾಲು. ವರ್ಷಕ್ಕೆ ಇಷ್ಟೊಂದು ‘ಕುರುಕ್ಷೇತ್ರ’ ಆಡುತ್ತೀರಿ, ಆಡಿ. ಅದರ ನಡುವೆ ಒಂದೇ ಒಂದು ರಾತ್ರಿಯನ್ನು ‘ಅಶ್ವತ್ಥಾಮನ್’ಗೆ ಬಿಡಿ. ಅವತ್ತು ಮುಂದಿನ ಸಾಲಿನ ಕುರ್ಚಿ ಶಾಸಕರಿಗೆ ಬೇಡ, ಮಾಜಿ ಸೈನಿಕರಿಗೆ, ಅದಕ್ಕಿಂತ ಮುಖ್ಯವಾಗಿ ಅವರ ಹೆಂಡತಿಯರಿಗೆ ಹಾಕಿ. ಟೆಕ್ಮೆಸ್ಸಾ ಮಾತಾಡಿದಂತೆ ಮಾತಾಡುವವರು ಅವರೇ. ನಾಟಕ ಮುಗಿದ ಕೂಡಲೇ ಸೀನರಿ ಸುತ್ತಬೇಡಿ, ಒಂದು ಗಂಟೆ ಮೈಕು ಅವರಿಗೆ ಕೊಡಿ. ಅವತ್ತೊಂದು ದಿನ ಅಳುವ ಪಾತ್ರಧಾರಿಗೆ ನಡುವೆ ನೋಟಿನ ಹಾರ ಹಾಕಬೇಡಿ.

ಇದನ್ನು ಓದುವ ಮನೆಗಳಲ್ಲಿ ಅಂಥವರೊಬ್ಬರು ಇದ್ದರೆ ನಾಟಕ ಆಗುವವರೆಗೆ ಕಾಯುವುದು ಬೇಡ. ‘ಟೆಲಿ ಮಾನಸ್’ ಎಂಬ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಂಬರು 14416. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ಕರೆಗೆ ದುಡ್ಡಿಲ್ಲ.